ಗೆಜ್ಜೆ ಕಟ್ಟುವ ಜಾಗ

ಎಲ್ಲಿ ನೋವು ಅಂತ ಕೇಳಿದರೆ ನಾವು "ಕಾಲು" ಅನ್ನುತ್ತೇವೆ. ತೊಡೆಯಿಂದ ಹಿಡಿದು ಕಿರುಬೆರಳಿನ ತನಕ ಎಲ್ಲವೂ ಕಾಲೇ. ಮಂಡಿಗೆ ಹೆಸರಿದೆ, ಹಿಮ್ಮಡಿಗೆ ಇದೆ, ಮೀನಖಂಡಕ್ಕೂ ಇದೆ. ಕಾಲು ಮುಗಿದು ಪಾದ ಶುರುವಾಗುವ ತಿರುವಿನಲ್ಲಿ, ಎರಡೂ ಪಕ್ಕ ಗೋಲಿಯ ಹಾಗೆ ಮೂಳೆ ಎದ್ದಿರುತ್ತದಲ್ಲ, ಆ ಜಾಗಕ್ಕೆ ಮಾತ್ರ ನನ್ನ ಬಾಯಲ್ಲಿ ಒಂದು ಮಾತಿರಲಿಲ್ಲ. ಬೆಂಗಳೂರಿನಲ್ಲಿ ಎಲ್ಲರೂ ಆಂಕಲ್ ಅಂತಾರೆ, ಅದು ಬೇರೆ ವಿಷಯ. ಊರಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ತಡವರಿಸಿದೆ. ನಿಘಂಟಿನಲ್ಲಿ 'ಹರಡು' ಎಂದಿದೆ. ಅಮ್ಮನಿಗೆ "ಹರಡು ನೋವು" ಅಂದಿದ್ದರೆ ನೋವು ಎಲ್ಲೆಲ್ಲಿಗೆ ಹರಡಿತು ಅಂತ ಗಾಬರಿಬೀಳುತ್ತಿದ್ದಳು. ಕೊನೆಗೆ "ಗೆಜ್ಜೆ ಕಟ್ಟೋ ಜಾಗ ಇದ್ಯಲ್ಲ, ಅದರ ಹೊರಗಡೆ, ಸ್ವಲ್ಪ ಕೆಳಗೆ" ಅಂದೆ. ಅಮ್ಮನಿಗೆ ತಕ್ಷಣ ಗೊತ್ತಾಯಿತು.

ಆಗಿದ್ದು ಇಷ್ಟೇ. ಆಗಸ್ಟಿನ ಒಂದು ಸಂಜೆ ಬಸ್ ಸ್ಟಾಪಿನ ಹತ್ತಿರ ಫುಟ್‌ಪಾತಿನ ಚಪ್ಪಡಿ ಮೇಲೆ ಕಾಲಿಟ್ಟೆ. ಚಪ್ಪಡಿ ತೂಗಿತು. ಬೆಂಗಳೂರಿನಲ್ಲಿ ನಡೆದು ಓಡಾಡುವವರಿಗೆ ಈ ಚಪ್ಪಡಿಗಳ ಪರಿಚಯ ಮಾಡಿಕೊಡಬೇಕಾಗಿಲ್ಲ. ಎಡಪಾದ ಒಳಕ್ಕೆ ಮಗುಚಿತು, ಒಳಗೆಲ್ಲೋ ಟಕ್ ಅಂದಿತು, ನಾನು ಕೂತುಬಿಟ್ಟೆ. ಪಕ್ಕದಲ್ಲಿ ಸೀಬೆಹಣ್ಣು ಮಾರುತ್ತಿದ್ದ ಹೆಂಗಸು ತನ್ನ ಸ್ಟೂಲನ್ನೇ ಕೊಟ್ಟರು. ಅರ್ಧ ಗಂಟೆಯಲ್ಲಿ ಕೋಳಿಮೊಟ್ಟೆಯಷ್ಟು ಊತ. ಎಕ್ಸ್-ರೇ ನೋಡಿದ ಡಾಕ್ಟರು "ಏನೂ ಆಗಿಲ್ಲ ಮೇಡಂ, ಬರೀ ಉಳುಕು" ಎಂದು ಕ್ರೇಪ್ ಬ್ಯಾಂಡೇಜು, ನೋವಿನ ಮಾತ್ರೆ, ಹಚ್ಚಲು ಜೆಲ್, ಹತ್ತು ದಿನ ರೆಸ್ಟ್ ಬರೆದುಕೊಟ್ಟರು.

ಆ "ಬರೀ" ಅನ್ನುವ ಮಾತು ಎಂಟು ತಿಂಗಳು ನನ್ನ ತಲೆ ತಿಂದಿತು. ಹತ್ತು ದಿನಕ್ಕೆ ಊತ ಇಳಿಯಿತು, ನಿಜ. ಆಫೀಸಿಗೂ ಹೋದೆ. ಆದರೆ ಮೆಟ್ಟಿಲು ಇಳಿಯುವಾಗ ಗೊತ್ತೇ ಆಗದ ಹಾಗೆ ಕೈ ಕಂಬಿ ಹುಡುಕುತ್ತಿತ್ತು. ಬೆಳಿಗ್ಗೆ ಎದ್ದು ಮೊದಲ ನಾಲ್ಕು ಹೆಜ್ಜೆ ಕುಂಟುತ್ತಿದ್ದೆ. ದೀಪಾವಳಿಗೆ ಊರಿಗೆ ಹೋದಾಗ ಹಿತ್ತಲಿನ ಕಕ್ಕಸಿನಲ್ಲಿ ಕುಕ್ಕರುಗಾಲಲ್ಲಿ ಕೂತರೆ ಎಡ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಗೋಡೆ ಹಿಡಿದುಕೊಂಡು ಕೂರಬೇಕು. ಇದನ್ನು ಯಾರ ಹತ್ತಿರ ಹೇಳುವುದು? ಡಿಸೆಂಬರಿನಲ್ಲಿ ಮಟ್ಟಸವಾದ ಟೈಲ್ಸ್ ನೆಲದ ಮೇಲೆ, ಕಲ್ಲಿಲ್ಲ ಗುಂಡಿಯಿಲ್ಲ, ಅದೇ ಕಾಲು ಮತ್ತೆ ಹೊರಳಿತು. ಮತ್ತೆ ಎಕ್ಸ್-ರೇ. ಮತ್ತೆ ಏನೂ ಇಲ್ಲ.

ಏನೂ ಇಲ್ಲದ ಕಾಲು ಯಾಕೆ ಹೀಗೆ ಮಾಡುತ್ತದೆ?

ಕರೆಂಟ್ ಇಡುವುದು

ಆಫೀಸಿನಲ್ಲಿ ಎಲ್ಲರಿಗೂ ಒಂದೊಂದು ದಾರಿ ಗೊತ್ತಿತ್ತು. ಒಬ್ಬರು ಪುತ್ತೂರು ಕಟ್ಟು ಹಾಕಿಸಿಕೋ ಅಂದರು. (ನಮ್ಮ ದಕ್ಷಿಣ ಕನ್ನಡದ ಪುತ್ತೂರು ಅಂತ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಇದು ಆಂಧ್ರದ ಪುತ್ತೂರು. ಸೊಪ್ಪು ಅರೆದು, ಮೊಟ್ಟೆಯ ಬಿಳಿ ಹಚ್ಚಿ, ಬಿದಿರ ದಬ್ಬೆ ಇಟ್ಟು ಕಟ್ಟುವ ಮೂಳೆ ವೈದ್ಯ. ಬೆಂಗಳೂರಿನಲ್ಲಿ ಅದರ ಬೋರ್ಡು ಕಾಣದ ಬಡಾವಣೆ ಕಡಿಮೆ.) ಇನ್ನೊಬ್ಬರು ಉಪ್ಪಿನ ಶಾಖ ಅಂದರು. ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಒದೆಸಿಕೊಂಡರೆ ಉಳುಕು ಬಿಡುತ್ತದೆ ಅಂತ ಅಕೌಂಟ್ಸಿನ ಹುಡುಗ ಹೇಳಿದ. ಅವನೇ ಹಾಗೆ ಹುಟ್ಟಿದವನಂತೆ. ಬೇಕಾದರೆ ಈಗಲೇ ಒದೆಯುತ್ತೇನೆ ಅಂದ.

ನಾನು ಸುಶಿಕ್ಷಿತಳಲ್ವಾ, ಫಿಜಿಯೋಥೆರಪಿಗೆ ಹೋದೆ. ಮನೆ ಹತ್ತಿರದ್ದೇ ಒಂದು ಕ್ಲಿನಿಕ್ಕು, ಹತ್ತು ಸಿಟ್ಟಿಂಗಿನ ಪ್ಯಾಕೇಜು. ಮಂಚದ ಮೇಲೆ ಮಲಗಿಸಿ ಕಾಲಿಗೆ ಒದ್ದೆ ಪ್ಯಾಡ್ ಅಂಟಿಸಿ ಸ್ವಿಚ್ ಹಾಕುತ್ತಿದ್ದರು. ಜುಮುಜುಮು ಅನ್ನುತ್ತಿತ್ತು. ಆಮೇಲೆ ತಣ್ಣನೆ ಜೆಲ್ ಸವರಿ ಅಲ್ಟ್ರಾಸೌಂಡ್. ನನಗೆ ಆ ಇಪ್ಪತ್ತೈದು ನಿಮಿಷ ತುಂಬಾ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ. ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ ಮಲಗುವುದು, ಯಾರೋ ನಮ್ಮ ಕಾಲನ್ನು ನೋಡಿಕೊಳ್ಳುತ್ತಿದ್ದಾರೆ ಅನ್ನುವ ನೆಮ್ಮದಿ. ನಮ್ಮ ಕಡೆ ಫಿಜಿಯೋಥೆರಪಿ ಅಂದರೆ ಈಗಲೂ "ಕರೆಂಟ್ ಇಡೋದು" ಅಂತಲೇ ಅರ್ಥ. ಹತ್ತು ದಿನ ಮುಗಿದಾಗ ನೋವು ಕಡಿಮೆಯಾಗಿತ್ತು. ಹನ್ನೊಂದನೆಯ ದಿನ ಆಟೋದಿಂದ ಇಳಿಯುವಾಗ ಕಾಲು ಮತ್ತೆ ಜೋಲಿ ಹೊಡೆಯಿತು. ಆ ಹತ್ತು ದಿನದಲ್ಲಿ ಒಮ್ಮೆಯೂ ಯಾರೂ ನನ್ನನ್ನು ನಿಲ್ಲಿಸಿ, ನಡೆಸಿ ನೋಡಿರಲಿಲ್ಲ. ಕಾಲಿಗೆ ಚಿಕಿತ್ಸೆ ಪೂರ್ತಿ ಮಲಗಿಕೊಂಡೇ ಆಗಿತ್ತು. ಉಳುಕಿದ ಕಾಲಿನ ಮೇಲೆ ಅಲ್ಟ್ರಾಸೌಂಡ್ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದ 2011ರ ಕಾಕ್ರೇನ್ (ಚಿಕಿತ್ಸೆಗಳ ಪುರಾವೆ ಒರೆಗೆ ಹಚ್ಚುವ ಸಂಸ್ಥೆ) ವಿಮರ್ಶೆಯನ್ನು ಆಮೇಲೆ ಓದಿದೆ. ಹೇಳಿಕೊಳ್ಳುವಂಥ ಲಾಭವಿಲ್ಲ ಅಂತ ಅದರಲ್ಲಿದೆ. ಓದಿದ್ದು ದುಡ್ಡು ಕೊಟ್ಟ ಮೇಲೆ.

ಕಾಲುಸಂಕ

ಹನ್ನೊಂದು ವರ್ಷದವಳಿದ್ದಾಗ ಒಮ್ಮೆ ಇದೇ ಕಾಲು ಉಳುಕಿತ್ತು. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮಳೆಗಾಲ ಬರುವ ಮೊದಲು ಅಂಗಳಕ್ಕೆ ಅಡಿಕೆ ಸೋಗೆ ಹಾಸುತ್ತಿದ್ದರು, ಪಾಚಿಗೆ ಯಾರೂ ಜಾರಬಾರದು ಅಂತ. ಅಂಗಳಕ್ಕೆ ಹಾಸಬಹುದು, ಇಡೀ ಊರಿಗೆ ಹಾಸಲಾಗುತ್ತದೆಯೇ? ದಣಪೆ ದಾಟುವಾಗ ಜಾರಿ ಬಿದ್ದೆ. ಅಜ್ಜಿ ಮೇಲಿನಕೇರಿಯಿಂದ ಉಳುಕು ತೆಗೆಯುವ ಅಜ್ಜನನ್ನು ಕರೆಸಿದಳು. ಅವರು ಬಂದು, ಎಲೆ ಅಡಿಕೆ ಹಾಕಿ, ಹರಳೆಣ್ಣೆ ಬಿಸಿ ಮಾಡಿಸಿ, ಬಾಯಲ್ಲಿ ಏನೋ ಗುನುಗುತ್ತಾ ಕಾಲನ್ನು ನೀವತೊಡಗಿದರು. ಮೊದಲು ಮೆಲ್ಲಗೆ. ಆಮೇಲೆ ಹೆಬ್ಬೆರಳಿನಿಂದ ಒತ್ತಿ ಮೇಲಕ್ಕೆ. ನಾನು ಅಡುಗೆಮನೆ ಮಾಡು ಹಾರಿಹೋಗುವ ಹಾಗೆ ಕಿರುಚಿದೆ. "ಆಯ್ತು ಮಗಾ, ಆಯ್ತು, ಇನ್ನು ಒಂದೇ ಒಂದು ನರ" ಅನ್ನುತ್ತಲೇ ಇದ್ದರು. ಆ ಒಂದು ನರ ಹತ್ತು ನಿಮಿಷ ಮುಗಿಯಲಿಲ್ಲ. ಕೊನೆಗೆ ಲಕ್ಕಿಸೊಪ್ಪು ಬಾಡಿಸಿ ಬಟ್ಟೆ ಸುತ್ತಿ "ಮೂರು ದಿನ ಕಾಲು ಊರ್ಬೇಡ" ಅಂದರು.

ಆ ಅಜ್ಜನ ಕೈಗುಣದಿಂದಲೇ ಕಾಲು ಸರಿಹೋಯಿತು ಅಂತ ನಮ್ಮ ಮನೆಯಲ್ಲಿ ಈಗಲೂ ನಂಬಿಕೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅದೇ ಅಜ್ಜ ಪಕ್ಕದ ಮನೆಯವರ ಮುರಿದ ಮಣಿಕಟ್ಟನ್ನೂ ಉಳುಕು ಅಂತಲೇ ನೀವಿದ್ದರು. ಆ ಕೈ ಕೊನೆಯವರೆಗೂ ಸೊಟ್ಟಗೇ ಇತ್ತು. ಮುರಿದಿದೆಯೋ ಉಳುಕಿದೆಯೋ ಅಂತ ಕೈಯಲ್ಲೇ ಅಂದಾಜು ಮಾಡುವುದಕ್ಕೂ ಒಂದು ಕ್ರಮವಿದೆ. ಕಾಲಿನ ಮಟ್ಟಿಗೆ ಅದನ್ನು 1992ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟಿಯೆಲ್ ಮತ್ತು ಜೊತೆಯವರು ಬರೆದಿಟ್ಟರು. ಬಿದ್ದ ಕೂಡಲೇ ಮತ್ತು ಆಸ್ಪತ್ರೆಗೆ ಬಂದಾಗ, ಎರಡೂ ಸಲ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್-ರೇ. ಗೋಲಿಮೂಳೆಯ ತುದಿ ಅಥವಾ ಹಿಂದಿನ ಅಂಚನ್ನು ಒತ್ತಿದರೆ ನೋವಾದರೂ ಎಕ್ಸ್-ರೇ. ಪಾದದಲ್ಲೂ ಒತ್ತಿ ನೋಡುವ ಎರಡು ಜಾಗಗಳಿವೆ. ಇಷ್ಟೇ. ನಾಲ್ಕು ಹೆಜ್ಜೆ ಎಣಿಸುವುದು ಮೇಲಿನಕೇರಿ ಅಜ್ಜನಿಗೆ ಕಷ್ಟವಾಗುತ್ತಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಹಾಗಾದರೆ ಆಗ ವಾಸಿಯಾಗಿದ್ದು ಹೇಗೆ? ಈಗ ಯೋಚಿಸಿದರೆ ಅನುಮಾನ ಹೋಗುವುದು ಹಳ್ಳದ ಮೇಲೆ. ಶಾಲೆಗೆ ಮೂರು ಕಿಲೋಮೀಟರು, ನಡುವೆ ಹಳ್ಳ, ಹಳ್ಳಕ್ಕೆ ಕಾಲುಸಂಕ. ಎರಡು ಅಡಿಕೆ ಮರ ಉದ್ದಕ್ಕೆ ಹಾಕಿ, ಹಿಡಿದುಕೊಳ್ಳಲು ಒಂದು ಬಿದಿರ ಗಳ ಕಟ್ಟಿದ್ದು. ಕೆಳಗೆ ಕೆಂಪು ನೀರು ಭೋರಿಡುತ್ತಿರುತ್ತದೆ. ಚಪ್ಪಲಿ ಕೈಯಲ್ಲಿ, ಪಾಟಿಚೀಲ ಬೆನ್ನಿಗೆ, ಕೊಡೆ ಕಂಕುಳಲ್ಲಿ. ಒಂದು ವಾರ ಬಿಟ್ಟು ಅಜ್ಜಿ ನನ್ನನ್ನು ಶಾಲೆಗೆ ಅಟ್ಟಿದಳು. ಮೊದಲ ದಿನ ಸಂಕದ ಮೇಲೆ ಕೂತುಕೊಂಡೇ ತೆವಳಿದೆ. ಹುಡುಗರು ನಕ್ಕರು. ಮರುದಿನ ಅಡ್ಡಡ್ಡ ಹೆಜ್ಜೆ ಇಟ್ಟೆ. ಹದಿನೈದು ದಿನಕ್ಕೆ ಎಲ್ಲರ ಹಾಗೆ ನಡೆದೆ. ದುಂಡು ಮರದ ಮೇಲೆ ಬರಿಗಾಲು, ಬೆರಳು ಬಗ್ಗಿಸಿ ಹಿಡಿತ, ಪ್ರತಿ ಹೆಜ್ಜೆಗೂ ಒಳಗೆ ಹೊರಗೆ ಸಣ್ಣಸಣ್ಣ ತೂಗಾಟ. ಮುಂದೆ ಕ್ಲಿನಿಕ್ಕಿನಲ್ಲಿ ದುಡ್ಡು ಕೊಟ್ಟು ಮಾಡಿದ್ದನ್ನೇ ಆಗ ದಿನಕ್ಕೆ ಎರಡು ಸಲ ಪುಕ್ಕಟೆ ಮಾಡುತ್ತಿದ್ದೆ. ಹಾಗಂತ ಕಾಲುಸಂಕವನ್ನು ಹೊಗಳುವುದಿಲ್ಲ. ಮಳೆಗಾಲದಲ್ಲಿ ಸಂಕದಿಂದ ಬಿದ್ದು ಮಕ್ಕಳು ಕೊಚ್ಚಿಹೋದ ಸುದ್ದಿ ಮಲೆನಾಡಿನವರಿಗೆ ಹೊಸದಲ್ಲ.

ಒಂಟಿಕಾಲು

ಜನವರಿಯಲ್ಲಿ ಇನ್ನೊಬ್ಬ ಫಿಜಿಯೋ ಹತ್ತಿರ ಹೋದೆ. ಚಿಕ್ಕ ವಯಸ್ಸಿನ ಹುಡುಗಿ, ಒಂದೇ ಕೋಣೆ, ಮಷೀನೇ ಕಾಣಲಿಲ್ಲ. ನನಗೆ ಒಳಗೊಳಗೇ ನಿರಾಸೆ. "ಮೇಡಂ, ನೋವು ಎಲ್ಲಿ ಅಂತ ಒಂದೇ ಬೆರಳಲ್ಲಿ ತೋರಿಸಿ" ಅಂದಳು. ತೋರಿಸಿದೆ. ಒತ್ತಿ ನೋಡಿದಳು. ಆಮೇಲೆ ಗೋಡೆಯ ಮುಂದೆ ನಿಲ್ಲಿಸಿ, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಲು ಹೇಳಿದಳು. ಪಾದವನ್ನು ಇಷ್ಟಿಷ್ಟೇ ಹಿಂದಕ್ಕೆ ಸರಿಸುತ್ತಾ ಟೇಪಿನಲ್ಲಿ ಅಳೆದಳು. ಬಲಗಾಲು 11 ಸೆಂಟಿಮೀಟರ್. ಎಡಗಾಲು 5. ಹಿತ್ತಲಿನ ಕಕ್ಕಸಿನ ಕಷ್ಟ ಆ ಟೇಪಿನ ಮೇಲೆ ಕಾಣಿಸಿತು.

"ಈಗ ಎಡಗಾಲ ಮೇಲೆ ನಿಂತ್ಕೊಳ್ಳಿ." ಒಂಬತ್ತು ಸೆಕೆಂಡ್. "ಈಗ ಕಣ್ಣು ಮುಚ್ಚಿ." ಎರಡು ಸೆಕೆಂಡಿಗೆ ಅವಳ ಹೆಗಲ ಮೇಲೆ ಬಿದ್ದೆ. ಅವಳು ಅದಕ್ಕೆ ತಯಾರಾಗಿಯೇ ನಿಂತಿದ್ದಳು. ನನಗೆ ನಗು ಬರುವ ಬದಲು ಕಣ್ಣಲ್ಲಿ ನೀರು ಬಂತು. ಅಡಿಕೆ ಮರದ ಮೇಲೆ ಕೊಡೆ ಹಿಡಿದು ಹಳ್ಳ ದಾಟಿದ ಕಾಲು ಇದು. ಈಗ ಟೈಲ್ಸ್ ಮೇಲೆ ಎರಡು ಸೆಕೆಂಡ್ ನಿಲ್ಲುವುದಿಲ್ಲ.

ಅವಳು ಪ್ಲಾಸ್ಟಿಕ್ಕಿನ ಪಾದದ ಮಾದರಿ ತಂದು ತೋರಿಸಿದಳು. ನಾನು ಕೇಳಿಸಿಕೊಂಡಿದ್ದನ್ನು ನನ್ನ ಮಾತಲ್ಲಿ ಹೇಳುತ್ತೇನೆ. ಒರಳನ್ನು ಬೋರಲು ಹಾಕಿ ಗುಂಡಿನ ಮೇಲೆ ಕೂರಿಸಿದ ಹಾಗಿದೆ ಆ ಕೀಲು. ಗುಂಡಿನ ಜಾಗದಲ್ಲಿರುವ ಮೂಳೆಗೆ ಒಂದೇ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಅಕ್ಕಪಕ್ಕದ ಮೂಳೆಗಳೂ ಲಿಗಮೆಂಟ್ ಪಟ್ಟಿಗಳೂ ಅದನ್ನು ಹಿಡಿದಿಟ್ಟಿವೆ. ಆ ಮೂಳೆ ಮುಂದೆ ಅಗಲ, ಹಿಂದೆ ಸಪೂರ. ಹಾಗಾಗಿ ಪಾದ ಕೆಳಮುಖವಾದಾಗ, ಅಂದರೆ ಮೆಟ್ಟಿಲು ಇಳಿಯುವಾಗ, ಒರಳಿನೊಳಗೆ ಗುಂಡು ಸ್ವಲ್ಪ ಸಡಿಲ. ಕಾಲು ಹೊರಳುವುದು ಆಗಲೇ. ಹೊರಬದಿಯಲ್ಲಿ ಮೂರು ಪಟ್ಟಿಗಳು, ಸಾಮಾನ್ಯವಾಗಿ ಮೊದಲು ಹರಿಯುವುದು ಮುಂದಿನದು. ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆ, ಪಟ್ಟಿ ಕಾಣುವುದಿಲ್ಲ. ನನ್ನ "ಏನೂ ಇಲ್ಲ" ಬಂದದ್ದು ಅಲ್ಲಿಂದ.

ಪಟ್ಟಿ ಕೂಡಿಕೊಳ್ಳಲು ವಾರಗಳು ಬೇಕು, ಪೂರ್ತಿ ಗಟ್ಟಿಯಾಗಲು ತಿಂಗಳುಗಳು. ಆದರೆ ಪಟ್ಟಿ ಬರೀ ಹಗ್ಗವಲ್ಲವಂತೆ. ಅದರೊಳಗೆ ನರದ ತುದಿಗಳಿವೆ. ಪಾದ ಯಾವ ಕಡೆ ವಾಲುತ್ತಿದೆ ಅಂತ ಅವು ಮೇಲಕ್ಕೆ ಸುದ್ದಿ ಕಳಿಸುತ್ತಲೇ ಇರುತ್ತವೆ. 1965ರಲ್ಲಿ ಮೈಕೇಲ್ ಫ್ರೀಮನ್ ಎಂಬ ಇಂಗ್ಲೆಂಡಿನ ಮೂಳೆ ಸರ್ಜನ್ ಮತ್ತು ಜೊತೆಯವರು ಇದನ್ನೇ ಹಿಡಿದರು. ಉಳುಕು ವಾಸಿಯಾದ ಮೇಲೂ ಕಾಲು ಕೈಕೊಡುತ್ತದೆ ಅನ್ನುವವರ ಕೀಲು ಹೆಚ್ಚಾಗಿ ಸಡಿಲವಾಗಿಲ್ಲ, ಸುದ್ದಿ ಹೋಗುವ ದಾರಿ ಕೆಟ್ಟಿದೆ ಅಂದರು. ತೂಗಾಡುವ ಹಲಗೆಯ ಮೇಲೆ ನಿಲ್ಲಿಸಿ ಅಭ್ಯಾಸ ಮಾಡಿಸಿದರು. ಆಮೇಲೆ ಬಂದವರು ಅವರ ವಿವರಣೆ ಪೂರ್ತಿ ಸರಿಯಿಲ್ಲ, ಮಿದುಳು, ಸ್ನಾಯು ಎಲ್ಲ ಸೇರಿದ ಲೆಕ್ಕ ಇದು ಅಂದರು. ವಿವರಣೆ ಬದಲಾಯಿತು, ಹಲಗೆ ಮಾತ್ರ ಉಳಿಯಿತು. ಆ ಕೋಣೆಯ ಮೂಲೆಯಲ್ಲೂ ಒಂದು ಇತ್ತು, ಚಪಾತಿ ಮಣೆಯಷ್ಟು ದೊಡ್ಡದು, ಕೆಳಗೆ ಅರ್ಧ ಚೆಂಡು.

"ಐಸ್ ಇಟ್ಟೆ, ರೆಸ್ಟ್ ಮಾಡಿದೆ, ಎಲ್ಲಾ ಮಾಡಿದ್ದೆನಲ್ಲ" ಅಂದೆ, ಸ್ವಲ್ಪ ಸಿಟ್ಟಿನಿಂದಲೇ. ರೆಸ್ಟ್, ಐಸ್, ಬಿಗಿ ಕಟ್ಟು, ಕಾಲು ಎತ್ತರಕ್ಕೆ ಅನ್ನುವ ನಾಲ್ಕು ಮಾತಿನ ಮಂತ್ರವನ್ನು 1978ರಲ್ಲಿ ಕೊಟ್ಟ ಅಮೆರಿಕದ ಗೇಬ್ ಮಿರ್ಕಿನ್ ಎಂಬ ಡಾಕ್ಟರೇ 2014ರ ಹೊತ್ತಿಗೆ, ಐಸೂ ಪೂರ್ತಿ ರೆಸ್ಟೂ ವಾಸಿಯಾಗುವುದನ್ನು ನಿಧಾನ ಮಾಡಬಹುದು ಅಂತ ತಮ್ಮ ಮಾತನ್ನು ಹಿಂತೆಗೆದುಕೊಂಡರಂತೆ. ಮೊದಲ ದಿನಗಳ ನೋವಿಗೆ ಐಸ್ ಇಟ್ಟರೆ ತಪ್ಪೇನಿಲ್ಲ, ಆದರೆ ಹತ್ತು ದಿನ ಮಂಚದ ಮೇಲೇ ಕೂತಿದ್ದು ಜಾಸ್ತಿಯಾಯಿತು ಅಂದಳು. ತಡೆದುಕೊಳ್ಳುವಷ್ಟು ನೋವಿನಲ್ಲಿ ಬೇಗ ಭಾರ ಹಾಕಬೇಕಿತ್ತು.

ಕಾಲಲ್ಲಿ ಅ ಆ ಇ ಈ

ಶುರುವಾದದ್ದು ಒಂದನೇ ಕ್ಲಾಸಿನ ಹಾಗೆ. ಕೂತುಕೊಂಡು ಗಾಳಿಯಲ್ಲಿ ಹೆಬ್ಬೆರಳಿನಿಂದ ಎ ಬಿ ಸಿ ಡಿ ಬರೆಯಬೇಕು, ಮಂಡಿ ಅಲ್ಲಾಡಬಾರದು. ಎರಡು ದಿನ ಬರೆದು ಬೇಜಾರಾಗಿ ಕನ್ನಡಕ್ಕೆ ಬದಲಾಯಿಸಿದೆ. ವ್ಯತ್ಯಾಸ ತಕ್ಷಣ ಗೊತ್ತಾಯಿತು. ಇಂಗ್ಲಿಷಿನ ದೊಡ್ಡಕ್ಷರ ಅರ್ಧಕ್ಕರ್ಧ ಗೆರೆ, ಸುಮ್ನೆ ಮೇಲೆ ಕೆಳಗೆ ಹೋದರೆ ಮುಗಿಯಿತು. ನಮ್ಮದು ಎಲ್ಲಾ ಸುತ್ತು. ಅ ಬರೆಯುವಷ್ಟರಲ್ಲೇ ಕೀಲು ಎಲ್ಲಾ ದಿಕ್ಕಿಗೂ ಹೋಗಿ ಬರುತ್ತದೆ. 'ಈ' ಅಕ್ಷರಕ್ಕೆ ಬಂದಾಗ ಹೊರಗಡೆ ಜಗ್ಗುತ್ತಿತ್ತು. ಳ ಬರೆಯುವಾಗ ಕಾಲು ಎಲ್ಲಿ ತಿರುಗಬೇಕು ಅಂತ ತಿಳಿಯದೆ ನಡುವೆ ನಿಂತುಬಿಡುತ್ತಿತ್ತು. ಋ ಇವತ್ತಿಗೂ ನನ್ನ ಎಡಗಾಲಿಗೆ ಬರುವುದಿಲ್ಲ. ಫಿಜಿಯೋಗೆ ಹೇಳಿದರೆ, ಬೇರೆ ಪೇಷೆಂಟುಗಳಿಗೂ ಇನ್ನು ಕನ್ನಡವೇ ಅಂತ ನಕ್ಕಳು. ಕನ್ನಡ ಬರದವರಿಗೆ ಏನು ಮಾಡುತ್ತೀಯ ಅಂದೆ. ಕಲಿಯಲಿ ಬಿಡಿ ಮೇಡಂ ಅಂದಳು.

ಉಳಿದದ್ದು ನೀರಸ. ರಬ್ಬರ್ ಪಟ್ಟಿಯನ್ನು ಮಂಚದ ಕಾಲಿಗೆ ಕಟ್ಟಿ ಪಾದವನ್ನು ಹೊರಕ್ಕೆ ಎಳೆಯುವುದು, 15 ಸಲ, ಮೂರು ಸುತ್ತು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ, ನಿಧಾನವಾಗಿ ಇಳಿಸುವುದು. ಗೋಡೆಗೆ ಮಂಡಿ ತಾಗಿಸುವುದು. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವುದು. ಕಾವಲಿಯ ಮೇಲೆ ದೋಸೆ ಬೇಯುವ ತನಕ ಒಂಟಿಕಾಲು, ಮಗುಚಿ ಹಾಕಿ ಇನ್ನೊಂದು ಕಾಲು. ಇದರಲ್ಲಿ ಎಲ್ಲಿಯೂ ಚಿಕಿತ್ಸೆ ನಡೆಯುತ್ತಿದೆ ಅಂತ ಅನ್ನಿಸುವುದೇ ಇಲ್ಲ. ಜುಮುಜುಮು ಇಲ್ಲ, ಎಣ್ಣೆಯ ಬಿಸಿ ಇಲ್ಲ, ಕಿರುಚಾಟವೂ ಇಲ್ಲ. ಮೂರನೇ ವಾರ ಕಳ್ಳಾಟ ಶುರು ಮಾಡಿದೆ. ಮಾಡಿದೆ ಅಂತ ಸುಳ್ಳು ಹೇಳಿದೆ. ಅವಳು ಏನೂ ಅನ್ನಲಿಲ್ಲ, ಟೇಪ್ ತೆಗೆದಳು. ಹಿಂದಿನ ವಾರ 7 ಇದ್ದದ್ದು ಆ ವಾರವೂ 7. ಹೋಂವರ್ಕ್ ಮಾಡದೆ ಬೆಂಚಿನ ಮೇಲೆ ನಿಂತ ನೆನಪಾಯಿತು, ಅಲ್ಲೂ ಒಂಟಿಕಾಲೇ.

ಯಾಕೆ ಕಳ್ಳಾಟ ಅಂತ ಆಮೇಲೆ ಯೋಚಿಸಿದೆ. ಮೇಲಿನಕೇರಿ ಅಜ್ಜನ ಹೆಬ್ಬೆರಳು, ಕ್ರೇಪ್ ಬ್ಯಾಂಡೇಜು, ಕರೆಂಟಿನ ಪ್ಯಾಡ್, ಅಕೌಂಟ್ಸಿನ ಹುಡುಗನ ಒದೆ, ಇವೆಲ್ಲ ಒಂದೇ ಜಾತಿ. ಯಾರೋ ನಮಗೆ ಮಾಡುವಂಥವು. ನಾವು ಕಾಲು ಚಾಚಿದರೆ ಸಾಕು. ಇಲ್ಲಿ ಮಾತ್ರ ದುಡ್ಡನ್ನೂ ನಾವೇ ಕೊಟ್ಟು ಕೆಲಸವನ್ನೂ ನಾವೇ ಮಾಡಬೇಕು. ಅಮ್ಮನಿಗಂತೂ ಇದು ಅರ್ಥವೇ ಆಗಲಿಲ್ಲ. "ಎಂತ ಮಾಡ್ತಾಳೆ ಅವಳು?" "ಎಂತ ಇಲ್ಲ ಅಮ್ಮ, ನಿಂತ್ಕೋ ಅಂತಾಳೆ, ನಾನು ನಿಂತ್ಕೊತೀನಿ." "ಅದಕ್ಕೆ ದುಡ್ಡು ಕೊಡ್ತೀಯ ಮಾರಾಯ್ತಿ?"

ಮೂರು ತಿಂಗಳಲ್ಲಿ ಟೇಪ್ 9.5ಕ್ಕೆ ಬಂತು. ಅಲ್ಲಿಗೇ ನಿಂತಿದೆ, ಬಲಗಾಲನ್ನು ಇನ್ನೂ ಹಿಡಿದಿಲ್ಲ. ದಿಂಬಿನ ಮೇಲೆ ನಿಲ್ಲುತ್ತೇನೆ. ಕಣ್ಣು ಮುಚ್ಚಿ 14 ಸೆಕೆಂಡ್, ಒಳ್ಳೆಯ ದಿನ 18. ಮೆಟ್ಟಿಲು ಇಳಿಯುವಾಗ ಕೈ ಕಂಬಿ ಹುಡುಕುವುದನ್ನು ಯಾವತ್ತು ಬಿಟ್ಟಿತೋ ಗಮನಿಸಲೇ ಇಲ್ಲ. ಚಳಿಗೆ, ಜಾಸ್ತಿ ನಡೆದ ದಿನ, ಸ್ವಲ್ಪ ಬಿಗಿಯುತ್ತದೆ.

ಏಪ್ರಿಲಿನಲ್ಲಿ ಊರಿಗೆ ಹೋದೆ. ಹಳ್ಳಕ್ಕೆ ಈಗ ಮೋರಿ ಬಂದಿದೆ, ಬೈಕು ಹೋಗುತ್ತದೆ. ಬೆಳಿಗ್ಗೆ ಬಚ್ಚಲ ಕಟ್ಟೆಯ ಹತ್ತಿರ ಬ್ರಷ್ ಹಿಡಿದು ಒಂಟಿಕಾಲಲ್ಲಿ ನಿಂತಿದ್ದೆ. ಅಮ್ಮ ಅಡುಗೆಮನೆ ಬಾಗಿಲಿಗೆ ಬಂದು ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ 71. ದಿನಾ ತೋಟಕ್ಕೆ ಇಳಿದು ಹತ್ತುವವಳು, ಈಗಲೂ ಬರಿಗಾಲಲ್ಲಿ.

"ಇದೇಯಾ ಅದು?"

"ಇದೇ. ನೀನು ನಿಲ್ಲು ನೋಡಾಣ. ಗೋಡೆ ಹತ್ತಿರ ನಿಂತ್ಕೋ, ಬಿದ್ದೀಯ."

ಅಮ್ಮ ಸೀರೆ ನೆರಿಗೆ ಸ್ವಲ್ಪ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಒಂದು ಕಾಲು ಮಡಚಿದಳು. ಗೋಡೆ ಮುಟ್ಟಲಿಲ್ಲ. ನಾನು ಮೊಬೈಲಿನಲ್ಲಿ ಎಣಿಸತೊಡಗಿದೆ. ಹತ್ತು. ಹದಿನೈದು. ಗೆಜ್ಜೆ ಕಟ್ಟುವ ಜಾಗದಲ್ಲಿ ಸಣ್ಣಗೆ ಒಳಗೆ ಹೊರಗೆ ಮಿಸುಕುತ್ತಿತ್ತು, ಪಾದ ತಾನೇ ಸರಿಮಾಡಿಕೊಳ್ಳುತ್ತಿತ್ತು. ಇಪ್ಪತ್ತು. ಇಪ್ಪತ್ತೈದು. ಮುಖದಲ್ಲಿ ಏನೂ ಇಲ್ಲ, ತೋಟದ ಕಡೆ ನೋಡುತ್ತಾ ನಿಂತಿದ್ದಾಳೆ. ಮೂವತ್ತು ದಾಟಿದ ಮೇಲೆ ಕಾಲು ಕೆಳಗಿಟ್ಟು ಸರಸರ ಒಳಗೆ ಓಡಿದಳು.

ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.